ಟೈಪಿಸ್ಟಣ್ಣನ ಸಾಕ್ಷಿ

ಟೈಪಿಸ್ಟಣ್ಣನಿಗೆ ಸಾಕ್ಷಿ ಎಂಬ ಪದದ ಒಂದೇ ಅರ್ಥ ಗೊತ್ತಿತ್ತು. ಕಟಕಟೆಯಲ್ಲಿ ನಿಂತವರು ತಾವು ಕಣ್ಣಾರೆ ಕಂಡದ್ದನ್ನು ಹೇಳಬೇಕು. ‘ಪಕ್ಕದ ಮನೆಯವರು ಹೇಳಿದ್ರು’ ಎಂದ ಕೂಡಲೇ ಎದುರು ಪಕ್ಷದ ವಕೀಲರು ಎದ್ದು ನಿಲ್ಲುತ್ತಾರೆ, ನ್ಯಾಯಾಧೀಶರು ಕೈ ಎತ್ತುತ್ತಾರೆ, ಕೆಳಗೆ ಕೂತ ಟೈಪಿಸ್ಟಣ್ಣ ಕೀಲಿಮಣೆಯಿಂದ ಬೆರಳು ತೆಗೆಯುತ್ತಾನೆ. ಮದುವೆಗೆ ಮುಂಚೆ ಸೇರಿದ ಕೆಲಸ. ಈಗ ತಲೆಯಲ್ಲಿ ಕಪ್ಪು ಕೂದಲನ್ನು ಹುಡುಕಬೇಕು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಹುದ್ದೆಯ ಹೆಸರೂ ಉದ್ದವಾಯಿತು. ಕರೆಯುವವರು ಮಾತ್ರ ಟೈಪಿಸ್ಟ್ ಎಂದೇ ಕರೆದರು. ಪ್ರೀತಿ ಇದ್ದವರು ಹಿಂದೆ ಒಂದು ಅಣ್ಣ ಸೇರಿಸಿದರು.

ಇಷ್ಟು ವರ್ಷ ಬೇರೆಯವರ ಮಾತನ್ನು ತನ್ನ ಬೆರಳಿನಿಂದ ದಾಟಿಸಿ ದಾಟಿಸಿ ಅವನಿಗೊಂದು ಚಟ ಅಂಟಿಕೊಂಡಿತ್ತು. ಯಾರು ಏನೇ ಹೇಳಲಿ, ಅದರಲ್ಲಿ ನೋಡಿದ್ದೆಷ್ಟು, ಕೇಳಿದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಮನಸ್ಸು ಬೇರೆ ಬೇರೆ ಮಾಡಿ ಇಟ್ಟುಬಿಡುತ್ತಿತ್ತು. ಅವನ ಹೆಂಡತಿ ಇದಕ್ಕೆ ಮೊಸರಲ್ಲಿ ಕಲ್ಲು ಹುಡುಕೋ ಕೆಲಸ ಎನ್ನುತ್ತಿದ್ದಳು. ಅವಳದು ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ. ಸುಕ್ಕು ಕಂಡಲ್ಲಿ ಒಂದು ಸಲ ಬಿಸಿ ಇಟ್ಟು ಎಳೆದರಾಯಿತು, ಅದು ಹೇಗೆ ಬಂತೆಂದು ವಿಚಾರಣೆ ಮಾಡುವುದು ಅವಳ ಜಾಯಮಾನವಲ್ಲ.

ಹೆಂಡತಿಯ ಹಿಂದೆ ಅವನು ಮೊದಲ ಸಲ ಸಭೆಗೆ ಹೋದದ್ದು ಮೂರು ವರ್ಷದ ಹಿಂದೆ. ಸಭೆ ಎಂದರೆ ಗೋಪುರವೂ ಗಂಟೆಯೂ ಇಲ್ಲದ ಚರ್ಚು. ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಟೇಲರಕ್ಕನ ಹೊಲಿಗೆ ಕೋಣೆ. ವಾರವಿಡೀ ಅಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಭಾನುವಾರ ಬೆಳಿಗ್ಗೆ ಯಂತ್ರಗಳನ್ನು ಗೋಡೆಗೆ ತಳ್ಳಿ, ಬಟ್ಟೆ ಕತ್ತರಿಸುವ ಉದ್ದ ಮೇಜಿಗೆ ಬಿಳಿ ಹಾಸು ಹಾಸಿದರೆ ಅದೇ ಕರ್ತನ ಮೇಜು. ಸಂಬಳದ ಪಾದ್ರಿ ಇಲ್ಲ. ಸಭೆಯ ಹಿರಿಯ ಎಂದರೆ ಎದುರು ಬೀದಿಯ ಗ್ಯಾರೇಜಿನ ಮೆಕ್ಯಾನಿಕ್. ಎಷ್ಟು ಸೋಪು ಹಾಕಿ ತೊಳೆದರೂ ಅವನ ಉಗುರಿನ ಸಂದಿಯ ಕಪ್ಪು ಹೋಗಿದ್ದನ್ನು ಕಂಡವರಿಲ್ಲ.

ಆ ಮೊದಲ ದಿನ ಹಾಡು ಮುಗಿದ ಮೇಲೆ ಮೆಕ್ಯಾನಿಕ್ ಎದ್ದು, “ಯಾರಾದ್ರೂ ಸಾಕ್ಷಿ ಹೇಳೋರು ಇದ್ದೀರಾ?” ಎಂದು ಕೇಳಿದ.

ಟೈಪಿಸ್ಟಣ್ಣನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬೆರಳುಗಳು ತೊಡೆಯ ಮೇಲೆ ಕೀಲಿಮಣೆ ಹುಡುಕಿದವು.

ಎದ್ದವನು ಕ್ಷೌರದಣ್ಣ. ಅಂಗಡಿಯ ಬೀಗದ ಕೈ ಕಳೆದುಹೋಗಿತ್ತಂತೆ, ಮಂಡಿಯೂರಿ ಪ್ರಾರ್ಥನೆ ಮಾಡಿದನಂತೆ, ಎದ್ದು ಇನ್ನೊಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದರೆ ಅಲ್ಲೇ ಇತ್ತಂತೆ. ಎಲ್ಲರೂ ಸ್ತೋತ್ರ ಎಂದರು.

“ಆ ಪ್ಯಾಂಟಿಗೆ ಬೀಗದ ಕೈ ಹಾಕಿದ್ದು ಯಾರು? ಅದನ್ನ ಕೇಳಬೇಕಲ್ವಾ?” ಎಂದು ಟೈಪಿಸ್ಟಣ್ಣ ಪಿಸುಗುಟ್ಟಿದ.

“ರೀ, ಸುಮ್ನಿರ್ತೀರಾ,” ಎಂದು ಹೆಂಡತಿ ಮೊಣಕೈಯಿಂದ ತಿವಿದಳು.

ಆದರೂ ಮುಂದಿನ ಭಾನುವಾರ ಅವಳಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವನು ಅವನೇ. ಅದರ ಮುಂದಿನ ಭಾನುವಾರ ಕುರ್ಚಿ ಹಾಕಲು ಹೋದ. ಆಮೇಲೆ ಕುರ್ಚಿಗಳ ಜವಾಬ್ದಾರಿ ಅವನದೇ ಆಯಿತು. ಹೆಂಡತಿ ಮರುವರ್ಷ ದೀಕ್ಷಾಸ್ನಾನ ತೆಗೆದುಕೊಂಡು, ನೀರಲ್ಲಿ ಮುಳುಗಿ ಎದ್ದು, ಸಭೆಯವಳಾದಳು. ಅವನು ಮನೆಯಲ್ಲಿ ಬೈಬಲ್ ಓದುತ್ತಿದ್ದ. ಬಿಡುವಾದಾಗಲೆಲ್ಲ ಓದಿದ, ಯೇಸುವಿನ ನಂತರದ ಮೊದಲ ಸಭೆಗಳ ಚರಿತ್ರೆಯನ್ನೂ ಓದಿದ. ಒಳಗೆ ಯಾವಾಗ ಏನು ಗಟ್ಟಿಯಾಯಿತು ಎಂಬುದಕ್ಕೆ ಅವನ ಬಳಿ ತಾರೀಕಿಲ್ಲ. ಒಂದು ದಿನ ಮುಖಕ್ಕೆ ನೀರು ಹಾಕಿಕೊಳ್ಳುವಾಗ, ತಾನು ಪ್ರಾರ್ಥನೆ ಮಾಡುತ್ತಿರುವುದು ಗಮನಕ್ಕೆ ಬಂತು, ಅಷ್ಟೆ.

ಕಷ್ಟ ಇದ್ದದ್ದು ರೊಟ್ಟಿಯ ತಟ್ಟೆಯಲ್ಲಿ. ಕೂಟದ ಕೊನೆಗೆ, ಯೇಸುವಿನ ಕಡೆಯ ಊಟದ ನೆನಪಿಗೆ, ತಟ್ಟೆ ಕೈಯಿಂದ ಕೈಗೆ ಬರುತ್ತದೆ. ದೀಕ್ಷಾಸ್ನಾನ ಆದವರು ಒಂದು ಚೂರು ಮುರಿದುಕೊಳ್ಳುತ್ತಾರೆ, ಆಗದವರು ಮುಂದೆ ದಾಟಿಸುತ್ತಾರೆ. ಮೂರು ವರ್ಷ ಅವನು ದಾಟಿಸಿದ. ಎಡಗಡೆಯಿಂದ ಹೆಂಡತಿ ಕೊಡುತ್ತಾಳೆ, ಬಲಗಡೆಯವರಿಗೆ ಅವನು ಕೊಡುತ್ತಾನೆ. ಆ ಒಂದು ಕ್ಷಣದಲ್ಲಿ ಅವಳು ತಲೆ ತಗ್ಗಿಸಿಬಿಡುತ್ತಿದ್ದಳು. ಭಕ್ತಿಗೆ ತಗ್ಗಿಸುತ್ತಾಳೋ, ಗಂಡನ ಕೈ ನೋಡಲಾರದೆ ತಗ್ಗಿಸುತ್ತಾಳೋ, ಅದು ಅವನು ಕೇಳಲಾರದ ಪ್ರಶ್ನೆಯಾಗಿತ್ತು.

ದೀಕ್ಷಾಸ್ನಾನಕ್ಕೆ ಮುಂಚೆ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು. ಅದು ಆ ಸಭೆಯ ನಿಯಮ. ಕಳೆದ ವರ್ಷ ಅವನು ಧೈರ್ಯ ಮಾಡಿ ನಿಂತಿದ್ದ. ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರೆ ಹೊರಗೆ ಬಂದದ್ದು ಇದು: “ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುವುದೇನೆಂದರೆ, ನಾನು ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ.”

ಸಾವಿರಾರು ಸಲ ಟೈಪು ಮಾಡಿದ ಸಾಲು. ತನ್ನ ಬಾಯಿಂದ ಬಂದದ್ದು ಮೊದಲ ಸಲ. ಕೆಲವರು ನಕ್ಕರು, ಪ್ರೀತಿಯಿಂದಲೇ. ಅವನಿಗೆ ಮಾತ್ರ ನಗು ಬರಲಿಲ್ಲ. ಪ್ರಮಾಣ ಆಗಿಹೋಯಿತಲ್ಲ. ಇನ್ನು ಕಾಣದ್ದನ್ನು ಕಂಡೆ ಎನ್ನುವಂತಿಲ್ಲ. ಹೇಳಬೇಕೆಂದು ಬರೆದು ಬಾಯಿಪಾಠ ಮಾಡಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಒಳಗೇ ನೋಡಿದ. ಒಂದೂ ಪಾಟೀಸವಾಲಿಗೆ ನಿಲ್ಲುವಂತಿರಲಿಲ್ಲ. ಸುಮ್ಮನೆ ಕೂತುಬಿಟ್ಟ.

ಈ ವರ್ಷ ಮತ್ತೆ ದಿನ ಗೊತ್ತಾಗಿತ್ತು, ಮುಂದಿನ ಭಾನುವಾರ. ಟೈಪಿಸ್ಟಣ್ಣ ಕೆಲಸ ಮುಗಿಸಿ ನೇರ ಗ್ಯಾರೇಜಿಗೆ ಹೋದ. ಕಾರಿನ ಕೆಳಗಿಂದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಅವನು ಪಾದಗಳಿಗೇ ಹೇಳಿದ.

“ಈ ಸಲ ನನ್ನನ್ನ ಬಿಟ್ಟುಬಿಡಿ ಹಿರಿಯರೇ.”

“ಮೊದಲು ಹದಿನಾಲ್ಕರ ಸ್ಪ್ಯಾನರ್ ಕೊಡಿ. ನಿಮ್ಮ ಕಾಲ ಹತ್ರಾನೇ ಇದೆ.”

ಟೈಪಿಸ್ಟಣ್ಣ ಬಗ್ಗಿ ಒಂದನ್ನು ಕೊಟ್ಟ.

“ಇದು ಹನ್ನೆರಡು. ಓದೋಕೆ ಬರುತ್ತಲ್ವಾ ನಿಮಗೆ?”

“ಗ್ರೀಸು ಮೆತ್ತಿದೆ. ಅಂಕಿ ಕಾಣ್ತಿಲ್ಲ.”

“ಕಾಣದಿದ್ರೂ ಕೊಟ್ರಲ್ಲ, ಪರವಾಗಿಲ್ಲ,” ಎಂದ ಮೆಕ್ಯಾನಿಕ್, ಕಾರಿನ ಕೆಳಗಿಂದ ನಗುತ್ತಾ. “ಏನು ನಿಮ್ಮ ತೊಂದರೆ?”

“ನನಗೆ ಸಾಕ್ಷಿ ಹೇಳೋಕೆ ಬರಲ್ಲ.”

“ಯಾರಿಗೆ ಬರುತ್ತೆ? ಕ್ಷೌರದಣ್ಣಂದು ಕೇಳಿದ್ದೀರಲ್ಲ.”

“ಅವರು ಕಂಡದ್ದನ್ನ ಹೇಳಿದ್ರು. ಕೈ ಹಾಕಿದ್ರು, ಸಿಕ್ತು. ನಾನೇನು ಕಂಡಿದ್ದೀನಿ? ಯೇಸು ಸಮಾಧಿಯಿಂದ ಎದ್ದರು ಅನ್ನೋದಕ್ಕೆ ನಾನು ಸಾಕ್ಷಿ ಅಂತ ನಿಂತ್ಕೊಂಡು ಹೇಳ್ಬೇಕು. ನಾನು ಅಲ್ಲಿರಲಿಲ್ಲ.”

“ನಾನೂ ಇರಲಿಲ್ಲ.”

“ಹಾಗಾದ್ರೆ ನೀವು ಹೇಗೆ ಹೇಳಿದ್ರಿ?”

“ನಾನಾ? ಎದ್ದು ನಿಂತೆ, ಅಳು ಬಂತು. ಅದರಲ್ಲೇ ಮುಗಿದುಹೋಯ್ತು.” ಮೆಕ್ಯಾನಿಕ್ ಹೊರಗೆ ಜಾರಿ ಬಂದು ಕೈ ಒರೆಸಿಕೊಂಡ. “ಮೊದಲಿನ ಸಭೆಯವರಿಗೆ ಈ ಕಷ್ಟ ಇರಲಿಲ್ಲ ನೋಡಿ. ಎಲ್ಲಾ ಕಣ್ಣಾರೆ ಕಂಡೋರು.”

“ಎಲ್ಲರೂ ಎಲ್ಲಿ ಕಂಡರು ಹಿರಿಯರೇ? ಕಂಡೋರು ಸ್ವಲ್ಪ ಜನ. ಬೈಬಲಲ್ಲಿ ಬರೋ ಗುಡಾರ ಹೊಲಿಯೋ ಗಂಡ ಹೆಂಡತಿ, ಕೆನ್ನೀಲಿ ಬಟ್ಟೆ ಮಾರೋ ಹೆಂಗಸು, ಸೆರೆಮನೆ ಕಾಯೋನು, ಯಜಮಾನನ್ನ ಬಿಟ್ಟು ಓಡಿಬಂದ ಆಳು, ಇವರ್ಯಾರೂ ಸಮಾಧಿ ಹತ್ರ ಹೋದೋರಲ್ಲ. ಸಮುದ್ರದಾಚೆ ಊರಿನೋರು. ನೂರು ವರ್ಷ ದಾಟೋ ಹೊತ್ತಿಗೆ ಕಂಡೋರೆಲ್ಲ ತೀರಿಹೋಗಿದ್ರು. ಆದರೂ ಊರಿಂದ ಊರಿಗೆ, ಮನೆಯಿಂದ ಮನೆಗೆ ಹಬ್ಬಿತು. ಅವರೆಲ್ಲ ಎದ್ದು ನಿಂತು ಏನು ಹೇಳಿದ್ರು ಅನ್ನೋದು ನನಗೆ ಬೇಕಾಗಿದೆ.”

ಮೆಕ್ಯಾನಿಕ್ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಅವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳುತ್ತಿರಲಿಲ್ಲ.

“ನನಗೆ ಗೊತ್ತಿಲ್ಲ ಅಣ್ಣ. ಒಂದು ಗೊತ್ತು. ಅವರ ಗ್ರೀಕ್ ಭಾಷೆಯಲ್ಲಿ ಸಾಕ್ಷಿ ಅನ್ನೋ ಪದಕ್ಕೇ ಆಮೇಲೆ, ನಂಬಿಕೆಗೋಸ್ಕರ ಪ್ರಾಣ ಕೊಟ್ಟೋರು ಅನ್ನೋ ಅರ್ಥ ಬಂತಂತೆ.”

“ನಮ್ಮ ಕೋರ್ಟಲ್ಲಿ ಸಾಕ್ಷಿ ಸತ್ರೆ ಕೇಸು ಬಿದ್ದುಹೋಗುತ್ತೆ.”

“ಅವರದ್ದು ನಿಂತ್ಕೊಂಡ್ತು,” ಎಂದ ಮೆಕ್ಯಾನಿಕ್. “ಭಾನುವಾರ ಬೇಗ ಬನ್ನಿ. ನೀವಿಲ್ದೆ ಕುರ್ಚಿ ಹಾಕಿದ್ರೆ ಸಾಲು ಸೊಟ್ಟ ಆಗುತ್ತೆ.”

ಬಿಟ್ಟೆ ಎಂದೂ ಹೇಳಲಿಲ್ಲ, ಬಿಡುವುದಿಲ್ಲ ಎಂದೂ ಹೇಳಲಿಲ್ಲ.

ಮನೆಯಲ್ಲಿ ಹೆಂಡತಿ ಗಿರಾಕಿಗಳ ಅಂಗಿಗಳಿಗೆ ಗುಂಡಿ ಹಾಕುತ್ತಾ ಮಡಚುತ್ತಿದ್ದಳು. ಅವನು ಎದುರು ಕೂತು, ಕಡ್ಡಿ ಮುರಿದ ಹಾಗೆ ಹೇಳಿದ.

“ಈ ಸಲ ಆಗಲಿಲ್ಲ ಅಂದ್ರೆ ನಾನು ಇನ್ನು ಬರಲ್ಲ ಕಣೇ.”

ಅವಳ ಕೈ ನಿಂತಿತು. “ಸಭೆಗಾ?”

“ಹೌದು. ಒಳಗೂ ಅಲ್ಲ, ಹೊರಗೂ ಅಲ್ಲ, ಹೊಸ್ತಿಲ ಮೇಲೆ ಎಷ್ಟು ವರ್ಷ ಅಂತ ನಿಲ್ಲೋದು? ಸುಳ್ಳು ಹೇಳಿ ಒಳಗೆ ಬಂದ್ರೆ ಆ ರೊಟ್ಟಿ ಗಂಟಲಲ್ಲಿ ಇಳಿಯಲ್ಲ.”

“ಸುಳ್ಳು ಹೇಳಿ ಅಂತ ಯಾರು ಅಂದ್ರು?”

“ಕಾಣದ್ದನ್ನ ಕಂಡೆ ಅಂದ್ರೆ ಅದೇ ತಾನೇ?”

“ನಾನು ಸಾಕ್ಷಿ ಹೇಳಿದ್ನಲ್ಲ, ಅದೂ ಸುಳ್ಳಾ?”

“ನೀನು ಆಪರೇಷನ್ ಆದ ಮೇಲಿನ ನೋವು ಪ್ರಾರ್ಥನೆಯಿಂದ ಕಡಿಮೆ ಆಯ್ತು ಅಂದೆ. ನೋವು ನಿಂದು. ಅದು ನಿನಗಿಂತ ಯಾರಿಗೆ ಗೊತ್ತು?”

“ಅಬ್ಬಾ, ನಂದು ಪಾಸಾಯ್ತು,” ಎಂದಳು. ನಕ್ಕಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. “ನಿಮ್ಮನ್ನ ಬಲವಂತ ಮಾಡಲ್ಲ. ಆದರೆ ಪಕ್ಕದ ಕುರ್ಚಿ ಖಾಲಿ ಇಟ್ಕೊಂಡು ನಾನು ಹಾಡೋದು ಹೇಗೆ, ಅದೊಂದು ಹೇಳ್ಕೊಟ್ಟು ಹೋಗಿ.”

ಟೈಪಿಸ್ಟಣ್ಣ ಅವಳ ಕಡೆಗಿದ್ದ ಅಂಗಿಗಳಲ್ಲಿ ಅರ್ಧ ತನ್ನ ಕಡೆಗೆ ಎಳೆದುಕೊಂಡು ಗುಂಡಿ ಹಾಕತೊಡಗಿದ.

ಶುಕ್ರವಾರ ನ್ಯಾಯಾಲಯದಲ್ಲಿ ಒಂದು ಗೋಡೆಯ ಮೊಕದ್ದಮೆ. ಎರಡು ಮನೆಗಳ ನಡುವಿನ ಗೋಡೆ ಬಿದ್ದಿತ್ತು. ತಾನಾಗಿ ಬಿತ್ತೋ, ಕೆಡವಿದ್ದೋ ಎನ್ನುವುದು ಜಗಳ. ಕಟಕಟೆಯಲ್ಲಿ ಪಕ್ಕದ ಬೀದಿಯ ಹಾಲಿನವಳು ನಿಂತಿದ್ದಳು. ಹೊಸದಾಗಿ ಬಂದ ವಕೀಲನಿಗೆ ಆತುರ. “ಗೋಡೆ ಬಿದ್ದ ಬಗೆ ನ್ಯಾಯಾಲಯಕ್ಕೆ ಗೊತ್ತೇ ಇದೆ,” ಎಂದು ಮುಂದಕ್ಕೆ ಹೋಗಹೊರಟ.

ನ್ಯಾಯಾಧೀಶರು ಕನ್ನಡಕ ತೆಗೆದರು. “ನನಗೇನು ಗೊತ್ತು ವಕೀಲರೇ? ಗೋಡೆ ಬಿದ್ದಾಗ ನಾನು ಅಲ್ಲಿರಲಿಲ್ಲ. ಅದಕ್ಕೇ ಈ ತಾಯಿಯನ್ನ ಕರೆಸಿರೋದು. ಅವರು ಹೇಳಲಿ, ನಂಬೋದೋ ಬಿಡೋದೋ ಆಮೇಲೆ ನನ್ನ ಕೆಲಸ.”

ಟೈಪು ಮಾಡುವ ಮಾತಲ್ಲ ಅದು. ಟೈಪಿಸ್ಟಣ್ಣ ಬೆರಳು ಎತ್ತಿ ಕೂತ. ಹಾಲಿನವಳು ಸೆರಗು ಸರಿಮಾಡಿಕೊಂಡು ತಾನು ಕಂಡದ್ದನ್ನು ಹೇಳಿದಳು, ಅವನು ಟೈಪು ಮಾಡಿದ. ದಿನ ಮುಗಿಯಿತು.

ಭಾನುವಾರ ಅವನು ಬೇಗ ಹೋಗಿ ಕುರ್ಚಿ ಹಾಕಿದ. ಕೆಳಗೆ ಟಯರ್ ಅಂಗಡಿಯ ಹಿತ್ತಲಲ್ಲಿ ಲಾರಿ ಟ್ಯೂಬುಗಳನ್ನು ಮುಳುಗಿಸಿ ತೂತು ಹುಡುಕುವ ದೊಡ್ಡ ಸಿಮೆಂಟು ತೊಟ್ಟಿಯಿತ್ತು. ದೀಕ್ಷಾಸ್ನಾನ ಅದರಲ್ಲೇ. ಅಂಗಡಿಯವನು ಹಿಂದಿನ ದಿನವೇ ಉಜ್ಜಿ ತೊಳೆದು ಹೊಸ ನೀರು ತುಂಬಿಸಿದ್ದ. ಟೈಪಿಸ್ಟಣ್ಣ ಮಹಡಿಯ ಕಿಟಕಿಯಿಂದ ಆ ನೀರನ್ನು ಒಮ್ಮೆ ನೋಡಿದ.

ಆ ದಿನ ಸಾಕ್ಷಿ ಹೇಳಬೇಕಾದವರು ಇಬ್ಬರು. ಮೊದಲು ಬಸ್ ಕಂಡಕ್ಟರ್ ಹುಡುಗಿ. ಕೆಲಸದ ದಿನ ಇಡೀ ಬಸ್ಸಿಗೆ ಕೇಳುವಂತೆ ಕೂಗುವವಳು, ಇಲ್ಲಿ ಮುಂದಿನ ಸಾಲಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿ, ಕಣ್ಣೊರೆಸಿಕೊಂಡು ಕೂತಳು. ಮೆಕ್ಯಾನಿಕ್ ಟೈಪಿಸ್ಟಣ್ಣನ ಕಡೆ ತಿರುಗಿದ.

ಟೈಪಿಸ್ಟಣ್ಣ ಎದ್ದ. ಮಂಡಿ ತಾನಾಗಿಯೇ ನೆಟ್ಟಗಾಯಿತು ಎನ್ನಬೇಕು, ಅವನು ಎದ್ದದ್ದಲ್ಲ. ಹೊಲಿಗೆ ಯಂತ್ರಗಳ ಮುಂದೆ ಹೋಗಿ ನಿಂತ. ಬಾಯಿ ತೆರೆದ.

“ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ...”

ಮತ್ತೆ ಅದೇ. ಯಾರೂ ನಗಲಿಲ್ಲ. ಹೆಂಡತಿ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಅವನು ಕೂರಲು ಹೊರಟ.

“ಹಿರಿಯರೇ,” ಎಂದಳು ಟೇಲರಕ್ಕ ಹಿಂದಿನ ಸಾಲಿನಿಂದ. “ಅಣ್ಣನ ಕೋರ್ಟಲ್ಲಿ ಸಾಕ್ಷಿ ತಾನಾಗಿ ಭಾಷಣ ಮಾಡುತ್ತಾ? ಯಾರೋ ಕೇಳ್ತಾರೆ, ಇವರು ಹೇಳ್ತಾರೆ, ಹಾಗಲ್ವಾ?”

“ಹಾಗೇ,” ಎಂದ ಟೈಪಿಸ್ಟಣ್ಣ, ಅರ್ಧ ತಿರುಗಿದವನು ನಿಂತು.

“ಮತ್ತೆ ಕೇಳಿ ಇವರನ್ನ. ಸುಮ್ನೆ ನಿಲ್ಲಿಸಿಬಿಟ್ರೆ ಅವರೇನು ಮಾಡ್ತಾರೆ ಪಾಪ.”

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಎದ್ದು, ಸಿನಿಮಾದಲ್ಲಿ ಕಂಡ ವಕೀಲರ ಹಾಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. “ದೇವರು ನಿಮ್ಮ ಮನಸ್ಸಿಗೆ ಶಾಂತಿ ಕೊಟ್ಟಿದ್ದಾರೆ ಅಲ್ವಾ?”

“ಅದು ಉತ್ತರಾನ ಸಾಕ್ಷಿಯ ಬಾಯಿಗೆ ತುರುಕೋ ಪ್ರಶ್ನೆ,” ಎಂದ ಟೈಪಿಸ್ಟಣ್ಣ. “ಒಪ್ಪಲ್ಲ.”

ಈ ಸಲ ಎಲ್ಲರೂ ನಕ್ಕರು. ಅವನ ಹೆಂಡತಿಯೂ ನಕ್ಕಳು. ಕ್ಷೌರದಣ್ಣ, “ಹಿರಿಯರೇ, ನೀವು ಕೂತ್ಕೊಳ್ಳಿ, ನಾನು ಕೇಳ್ತೀನಿ,” ಎಂದು ಎದ್ದ.

“ನಮ್ಮ ಇಸ್ತ್ರಿ ಅಕ್ಕನಿಗೆ ಎದೆ ಆಪರೇಷನ್ ಆದಾಗ ನೀವು ಎಲ್ಲಿದ್ರಿ?”

“ಆಸ್ಪತ್ರೆಯ ಎರಡನೇ ಮಹಡಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಲ್ಲಿ.”

ಟೈಪಿಸ್ಟಣ್ಣನ ದನಿ ಬದಲಾಗಿತ್ತು. ಕೈಗಳು ಬದಿಗೆ ಬಂದಿದ್ದವು.

“ಜೊತೆಗೆ ಯಾರಿದ್ರು?”

“ಮೊದಲು ಯಾರೂ ಇರಲಿಲ್ಲ. ನನ್ನ ತಮ್ಮ ಬರ್ತೀನಿ ಅಂದಿದ್ದ, ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಬಂದು ಬೆಂಚಿನ ತುದಿಯಲ್ಲಿ ಕೂತರು. ಬಟ್ಟೆಯೆಲ್ಲ ಗ್ರೀಸು. ಬೇರೆ ಯಾರದೋ ಕಡೆಯವರು ಅಂದ್ಕೊಂಡೆ.”

“ಯಾರು ಅವರು?”

“ಈಗ ಹೆಸರಿಗೆ ವಕೀಲರಾಗಿ ನಿಂತಿದ್ರಲ್ಲ, ಅವರೇ.”

ಮೆಕ್ಯಾನಿಕ್ ನೆಲ ನೋಡಿದ.

“ಅವರು ಏನು ಹೇಳಿದ್ರು?”

“ಏನೂ ಇಲ್ಲ. ಡಾಕ್ಟರು ಹೊರಗೆ ಬರೋ ತನಕ ಕೂತಿದ್ರು. ಎದ್ದು ಹೋಗುವಾಗ, ಟೇಲರಕ್ಕ ಹೇಳಿದ್ರು, ಅದಕ್ಕೆ ಬಂದೆ, ಅಂದ್ರು.”

“ಆಮೇಲೆ?”

“ಆಮೇಲೆ ಟೇಲರಕ್ಕ ಬಂದ್ರು. ಇವಳು ಕೈ ಎತ್ತೋ ಹಾಗಿರಲಿಲ್ಲ, ಹಳೇ ಬಟ್ಟೆ ಯಾವುದೂ ಹಾಕೋಕಾಗ್ತಿರಲಿಲ್ಲ. ಮುಂದೆ ಗುಂಡಿ ಇರೋ ಅಂಗಿ ಹೊಲಿದು ತಂದ್ರು. ಕೇಳಿರಲಿಲ್ಲ ನಾವು. ಅಂಗಡಿ ಮುಚ್ಚಿದ್ರೆ ಗಿರಾಕಿ ಬೇರೆ ಕಡೆ ಹೋಗ್ತಾರೆ ಅಂತ ಈ ಸಭೆಯವರು ಸರದಿ ಮೇಲೆ ಇಸ್ತ್ರಿ ಮಾಡಿದ್ರು. ಅದನ್ನ ನಾನು ನೋಡಿದೆ. ಸೋಮವಾರದ ಸರದಿ ಕ್ಷೌರದಣ್ಣಂದು. ಅವರು ಒಂದು ಬಿಳಿ ಅಂಗಿ ಸುಟ್ಟರು.”

“ಅದನ್ನ ಹೇಳಲೇಬೇಕಿತ್ತಾ?”

“ನಡೆದದ್ದು.”

ಕೋಣೆ ಗೊಳ್ಳೆಂದಿತು. ಕಂಡಕ್ಟರ್ ಹುಡುಗಿ ಕಣ್ಣೊರೆಸಿಕೊಂಡಿದ್ದ ಕರವಸ್ತ್ರದಲ್ಲೇ ಬಾಯಿ ಮುಚ್ಚಿಕೊಂಡಳು. ಕ್ಷೌರದಣ್ಣ ತಾನೂ ನಕ್ಕು, ಆಮೇಲೆ ನಗು ನಿಲ್ಲಿಸಿ ಕೇಳಿದ.

“ನಾವು ಹೀಗೆಲ್ಲ ಯಾಕೆ ಮಾಡಿದ್ವಿ ಅಂತ ನಿಮಗನ್ಸುತ್ತೆ?”

“ಅದು ನಿಮ್ಮ ಮನಸ್ಸಿನ ವಿಷಯ. ನಾನು ಹೇಳೋ ಹಾಗಿಲ್ಲ.” ಟೈಪಿಸ್ಟಣ್ಣ ತಡೆದ. “ಆದರೆ ನಾನು ಟೇಲರಕ್ಕನನ್ನ ಕೇಳಿದ್ದೆ. ಆಸ್ಪತ್ರೆ ಮೆಟ್ಟಿಲ ಹತ್ರ. ನಾವು ನಿಮಗೆ ಏನಾಗಬೇಕು ಅಂತ ಇಷ್ಟೆಲ್ಲ ಮಾಡ್ತೀರಿ ಅಂದೆ. ‘ನೀವು ನಮ್ಮವರಲ್ವಾ’ ಅಂದ್ರು. ಇದು ನನಗೇ ಹೇಳಿದ ಮಾತು, ನಾನೇ ಕೇಳಿದ್ದು.”

“ಆಗ ನೀವು ಸಭೆಗೆ ಬರ್ತಿದ್ರಾ?”

“ಇಲ್ಲ. ಆವಾಗ ಈ ಮೆಟ್ಟಿಲನ್ನೂ ನಾನು ಹತ್ತಿರಲಿಲ್ಲ. ಇವಳೂ ಹತ್ತಿರಲಿಲ್ಲ. ಟೇಲರಕ್ಕ ಬಟ್ಟೆ ತಂದುಕೊಡೋ ಗಿರಾಕಿ, ಇವಳು ಇಸ್ತ್ರಿ ಮಾಡೋಳು, ಅಷ್ಟೇ ಪರಿಚಯ. ನಾವು ಏನು ನಂಬ್ತೀವಿ, ಏನು ಬಿಡ್ತೀವಿ, ಯಾರೂ ಕೇಳಿರಲಿಲ್ಲ. ನಮ್ಮವರು ಅಂದ್ರು.”

ಹೇಳಿದ ಮೇಲೆ ಅವನಿಗೇ ಆ ಮಾತು ಹೊಸದಾಗಿ ಕೇಳಿಸಿತು. ತಾನು ಹೊಸ್ತಿಲ ಮೇಲೆ ನಿಂತಿದ್ದೇನೆ ಎಂದು ಹೆಂಡತಿಗೆ ಹೇಳಿದ್ದ. ಹೊಸ್ತಿಲಿಗೆ ಬರುವ ಮೊದಲೇ ಒಳಗಿನವರು ಕರೆದಾಗಿತ್ತು.

ಕ್ಷೌರದಣ್ಣ ಇನ್ನೇನು ಕೇಳಬೇಕೆಂದು ತಿಳಿಯದೆ ಮೆಕ್ಯಾನಿಕ್ ಕಡೆ ನೋಡಿದ. ಮೆಕ್ಯಾನಿಕ್ ಎದ್ದ. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಲಿಲ್ಲ.

“ಅಣ್ಣ, ಒಂದು ಪ್ರಶ್ನೆ ಬಿಡೋ ಹಾಗಿಲ್ಲ. ಅದನ್ನ ಎಲ್ಲರನ್ನೂ ಕೇಳ್ತೀವಿ. ಯೇಸು ಸತ್ತು ಎದ್ದರು ಅಂತ ನಂಬ್ತೀರಾ?”

“ನಾನು ನೋಡಿಲ್ಲ,” ಎಂದ ಟೈಪಿಸ್ಟಣ್ಣ.

“ನೋಡಿದ್ರಾ ಅಂತ ಕೇಳಲಿಲ್ಲ ಅಣ್ಣ. ನಂಬ್ತೀರಾ ಅಂತ ಕೇಳಿದೆ.”

ಇಷ್ಟು ವರ್ಷ ನ್ಯಾಯಾಲಯದಲ್ಲಿ ಟೈಪಿಸ್ಟಣ್ಣ ಕಂಡಿದ್ದು ಎರಡೇ ಜಾಗ, ಸಾಕ್ಷಿ ನಿಲ್ಲುವ ಕಟಕಟೆ ಮತ್ತು ತಾನು ಕೂರುವ ಮೇಜು. ಮೂರನೆಯದೊಂದು, ನ್ಯಾಯಾಧೀಶರ ಕುರ್ಚಿ, ತಲೆಯ ಮೇಲೆಯೇ ಇತ್ತು. ಆ ಕುರ್ಚಿಯಲ್ಲಿ ಕೂತವರು ಯಾವ ಗೋಡೆ ಬೀಳುವುದನ್ನೂ ಕಂಡವರಲ್ಲ. ನಾನು ಅಲ್ಲಿರಲಿಲ್ಲ ಎಂದು ಮೊನ್ನೆ ಬಾಯಿಬಿಟ್ಟೇ ಹೇಳಿದ್ದರು. ಆದರೂ ಅವರು ನಂಬುತ್ತಾರೆ, ನಂಬಿ ತೀರ್ಮಾನ ಮಾಡುತ್ತಾರೆ, ಮಾಡಿ ಸಹಿ ಹಾಕುತ್ತಾರೆ. ಅದನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ. ಗುಡಾರ ಹೊಲಿಯುವವರೂ ಸೆರೆಮನೆ ಕಾಯುವವನೂ ನಿಂತದ್ದು ಅಲ್ಲಿಯೇ ಇರಬೇಕು. ಕಾಣದ್ದಕ್ಕೆ ಅವರು ಸಾಕ್ಷಿ ಹೇಳಲಿಲ್ಲ. ಕಂಡವರನ್ನು ನಂಬಿದರು, ತಾವು ಕಂಡದ್ದು, ತಮ್ಮ ಬೀದಿಯಲ್ಲಿ ನಡೆದದ್ದು, ಅದನ್ನು ಹೇಳಿದರು.

“ನೋಡಿದವರು ಹೇಳಿದ್ದನ್ನ ಓದಿದ್ದೀನಿ,” ಎಂದ. ಮಾತು ನಿಧಾನವಾಗಿ ಬಂತು, ಆದರೆ ತಡವರಿಸಲಿಲ್ಲ. “ಹಾಗೆ ಹೇಳಿದ್ರಿಂದ ಅವರಿಗೆ ಲಾಭ ಏನೂ ಆಗಲಿಲ್ಲ. ಹೊಡೆದರು, ಜೈಲಿಗೆ ಹಾಕಿದರು. ಆದರೂ ಮಾತು ಬದಲಾಯಿಸಲಿಲ್ಲ. ಅಂಥ ಸಾಕ್ಷಿಗಳನ್ನ ನಾನು ನಂಬ್ತೀನಿ. ಹೌದು. ಯೇಸು ಎದ್ದರು ಅಂತ ನಂಬ್ತೀನಿ.”

“ಯಾವತ್ತಿಂದ?”

“ತಾರೀಕು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ.”

“ಬೇಡ,” ಎಂದ ಮೆಕ್ಯಾನಿಕ್. ಅವನ ಕಣ್ಣು ತುಂಬಿತ್ತು. ಅವನು ಯಾವಾಗಲೂ ಅಳುವವನೇ. “ಇನ್ನೇನಾದ್ರೂ ಸೇರಿಸೋದಿದೆಯಾ?”

“ಇಲ್ಲ. ಇಷ್ಟು ಸತ್ಯ.”

ಸ್ತೋತ್ರ ಎಂದು ಮೊದಲು ಕೂಗಿದವಳು ಅವನ ಹೆಂಡತಿ. ಉಳಿದವರ ದನಿ ಸೇರುವ ಮುಂಚೆ ಅವಳದೊಂದೇ ದನಿ ಇಡೀ ಕೋಣೆಯಲ್ಲಿ ಕೇಳಿಸಿತು. ಟೈಪಿಸ್ಟಣ್ಣ ತನ್ನ ಕುರ್ಚಿಗೆ ಬಂದು ಕೂತ. ಎದೆಯೊಳಗೆ ಎಷ್ಟೋ ಕಾಲದಿಂದ ಬಿಗಿಹಿಡಿದಿದ್ದ ಮುಷ್ಟಿಯೊಂದು ಬೆರಳು ಬೆರಳಾಗಿ ಸಡಿಲವಾದ ಹಾಗಿತ್ತು.

“ಪಾಸಾದ್ನೇನೇ?” ಎಂದ.

“ನಿಮ್ಮ ಬೆವರು ನೋಡಿ,” ಎಂದು ಅವಳು ಸೆರಗಿನಿಂದ ಅವನ ಹಣೆ ಒರೆಸಿದಳು, ಎಲ್ಲರೆದುರಿಗೇ.

ಎಲ್ಲರೂ ಮೆಟ್ಟಿಲಿಳಿದು ಹಿತ್ತಲಿಗೆ ಹೋದರು. ಟಯರ್ ಅಂಗಡಿಯವನು ದಾರಿಯಲ್ಲಿದ್ದ ಲಾರಿ ಚಕ್ರಗಳನ್ನು ಉರುಳಿಸಿ ಬದಿಗಿಟ್ಟ. ಕಂಡಕ್ಟರ್ ಹುಡುಗಿ ಮೊದಲು ಮುಳುಗಿ ಎದ್ದಳು. ಆಮೇಲೆ ಟೈಪಿಸ್ಟಣ್ಣ ತೊಟ್ಟಿಗಿಳಿದ. ನೀರು ತಣ್ಣಗೆ ಸೊಂಟ ಮುಟ್ಟಿದಾಗ ‘ಹಾ’ ಎಂದ. ಮೆಕ್ಯಾನಿಕ್ ಒಂದು ಕೈ ಬೆನ್ನಿಗೆ, ಒಂದು ಕೈ ಎದೆಗೆ ಕೊಟ್ಟು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಮುಳುಗಿಸಿದ. ಮೂಗಿನಿಂದ ಗುಳ್ಳೆಗಳು ಸಾಲಾಗಿ ಮೇಲೆ ಬಂದವು.

“ಗುಳ್ಳೆ ಬರ್ತಿದೆ, ಎಲ್ಲೋ ತೂತಿದೆ,” ಎಂದ ಟಯರ್ ಅಂಗಡಿಯವನು. ಅವನು ಸಭೆಯವನಲ್ಲ, ಆದರೆ ತೊಟ್ಟಿ ಅವನದು, ಹಾಗಾಗಿ ಮಾತಾಡುವ ಹಕ್ಕು ಅವನಿಗಿತ್ತು.

ಟೈಪಿಸ್ಟಣ್ಣ ಎದ್ದು ನಿಂತ. ಕೂದಲಿನಿಂದ ಇಳಿದ ನೀರು ಕಣ್ಣು ಬಾಯಿ ಎಲ್ಲ ತುಂಬಿತ್ತು. ಯಾರೋ ಟವೆಲ್ ಕೊಟ್ಟರು, ಯಾರೋ ಕೈ ಹಿಡಿದು ದಾಟಿಸಿದರು. ಯಾರೆಂದು ಅವನಿಗೆ ಕಾಣಲಿಲ್ಲ, ಕೇಳಲೂ ಇಲ್ಲ.

ಬಟ್ಟೆ ಬದಲಿಸಿ ಮೇಲೆ ಬಂದಾಗ ಹಾಡು ಶುರುವಾಗಿತ್ತು. ಬಿಳಿ ಹಾಸಿನ ಮೇಲಿನ ರೊಟ್ಟಿಯನ್ನು ಮೆಕ್ಯಾನಿಕ್ ಮುರಿದು ತಟ್ಟೆಗಿಟ್ಟ. ತಟ್ಟೆ ಸಾಲಿನ ಆ ತುದಿಯಿಂದ ಹೊರಟಿತು. ಹೆಂಡತಿ ಒಂದು ಚೂರು ತೆಗೆದುಕೊಂಡು ಅವನಿಗೆ ಕೊಟ್ಟಳು. ಈ ಸಲ ತಲೆ ತಗ್ಗಿಸಲಿಲ್ಲ. ಅವನ ಕೈಯನ್ನೇ ನೋಡುತ್ತಾ ಕೂತಳು.

ಟೈಪಿಸ್ಟಣ್ಣ ಮುರಿದ. ಬೇರೆಯವರು ಮುರಿಯುವುದನ್ನು ಮೂರು ವರ್ಷ ಪಕ್ಕದಲ್ಲೇ ಕೂತು ನೋಡಿದ್ದರೂ ಎಷ್ಟು ಮುರಿಯಬೇಕೆಂದು ಕೈಗೆ ಗೊತ್ತಿರಲಿಲ್ಲ. ಅಂಗೈಯಗಲದ ತುಂಡು ಬಂತು.

“ರೀ, ಅಷ್ಟು ದೊಡ್ಡದಾ?” ಎಂದು ಹೆಂಡತಿ ಪಿಸುಗುಟ್ಟಿದಳು. “ಹಿಂದೆ ಇನ್ನೂ ಜನ ಇದ್ದಾರೆ.”

ಅವನಿಗೆ ಗಾಬರಿಯಾಯಿತು. ವಾಪಸ್ಸು ಇಡಬಹುದೇ, ಇಟ್ಟರೆ ತಪ್ಪೇ, ನಿಯಮ ಏನು ಎಂದು ಕಣ್ಣಲ್ಲೇ ಅವಳನ್ನು ಕೇಳಿದ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು, ಭುಜ ಅಲುಗುತ್ತಿತ್ತು. ಬಲಗಡೆ ಕಂಡಕ್ಟರ್ ಹುಡುಗಿ ಒದ್ದೆ ಕೂದಲಲ್ಲಿ, ಚಳಿಗೆ ತುಟಿ ನೀಲಿಯಾಗಿ, ಎರಡು ಕೈ ಚಾಚಿ ಕಾಯುತ್ತಿದ್ದಳು. ಅವಳಿಗೂ ಇದು ಮೊದಲ ಸಲ, ಅವಳಿಗೂ ಅಳತೆ ಗೊತ್ತಿರಲಿಲ್ಲ. ಟೈಪಿಸ್ಟಣ್ಣ ತನ್ನ ತುಂಡನ್ನು ಎರಡು ಮಾಡಿ ಒಂದನ್ನು ಅವಳ ಅಂಗೈಗಿಟ್ಟ, ತಟ್ಟೆಯನ್ನು ಅವಳಾಚೆಗೆ ದಾಟಿಸಿದ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡ.

ರೊಟ್ಟಿ ಸ್ವಲ್ಪ ಒಣಗಿತ್ತು. ಅಗಿದ, ಮತ್ತೆ ಅಗಿದ. ಇಳಿಯಿತು.